ಮೊಟ್ಟೆಯೊಳಗಿನ ಆಣೆ

“ಸರ್, ತಾಯಿ ಕಲಿತ ಭಯವನ್ನು ಈ ಹುಳುಗಳು ಮೊಮ್ಮಕ್ಕಳ ತನಕ ಜೋಪಾನ ಮಾಡುತ್ತವೆ. ಆಮೇಲೆ ಒಮ್ಮೆಲೇ ಮರೆತುಬಿಡುತ್ತವೆ. ಯಾಕೆ ಮರೆಯಬೇಕು?”

ಸುಗಂಧಿ ಹೀಗೆ ಕೇಳಿದಾಗ ನೇಮಿರಾಜ ಮೇಷ್ಟ್ರು ಪ್ರಯೋಗಾಲಯದ ಹೊರಗಿನ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಜೀವಶಾಸ್ತ್ರ ಕಲಿಸಿ ಕಲಿಸಿ ತಲೆ ನರೆತ ಮನುಷ್ಯ. ದುಂಡುಹುಳುಗಳೆಂದರೆ ಅವರಿಗೆ ಎಲ್ಲಿಲ್ಲದ ಪ್ರೀತಿ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಆ ಹುಳುಗಳ ಬಗ್ಗೆ ಅವರು ನೆಂಟರ ಮನೆಯ ಸುದ್ದಿ ಹೇಳುವ ಹಾಗೆ ಮಾತಾಡುತ್ತಿದ್ದರು. ಸುಗಂಧಿ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ.

ಅವಳ ಕೆಲಸ ಇಷ್ಟು. ಒಂದು ತಟ್ಟೆಯ ಒಂದು ಬದಿಗೆ ಹುಳುಗಳಿಗೆ ಒಗ್ಗುವ ಬ್ಯಾಕ್ಟೀರಿಯಾ, ಇನ್ನೊಂದು ಬದಿಗೆ ಅವುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ, ನಡುವೆ ಹುಳು. ಅದು ಎತ್ತ ಹೋಗುತ್ತದೆ ಎಂದು ನೋಡಬೇಕು. ಒಮ್ಮೆ ಕೆಟ್ಟದ್ದನ್ನು ತಿಂದು, ಕಾಯಿಲೆ ಬಿದ್ದು, ಹೇಗೋ ಬದುಕಿದ ಹುಳು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಅದರ ಮಕ್ಕಳೂ ಹಾಕುವುದಿಲ್ಲ. ಆ ಮಕ್ಕಳು ಕೆಟ್ಟದ್ದನ್ನು ಜನ್ಮದಲ್ಲಿ ತಿಂದವಲ್ಲ. ಆದರೂ ವಾಸನೆ ಬಂದ ಕೂಡಲೇ ತಿರುಗಿ ನಡೆಯುತ್ತವೆ. ಮೊಮ್ಮಕ್ಕಳೂ ಹಾಗೆಯೇ. ಕೆಲವು ತಲೆಮಾರು ದಾಟಿದ ಮೇಲೆ ಹುಟ್ಟುವವು ಮಾತ್ರ ಮುತ್ತಜ್ಜಿ ಪಟ್ಟ ಪಾಡು ತಮಗೆ ಸಂಬಂಧವೇ ಇಲ್ಲ ಎನ್ನುವ ಹಾಗೆ ನೇರ ಅತ್ತಲೇ ಹೊರಡುತ್ತವೆ.

“ಇದು ದೊಡ್ಡ ನಷ್ಟ ಸರ್,” ಎಂದಳು ಸುಗಂಧಿ. “ಜೀವ ಪಣಕ್ಕಿಟ್ಟು ಕಲಿತದ್ದು ಹೀಗೆ ಹಾಳಾಗಿ ಹೋಗಬಾರದು. ಅವು ಮರೆಯದ ಹಾಗೆ ಮಾಡುವ ದಾರಿ ಹುಡುಕಬೇಕು.”

“ನಾಳೆಯ ರಜೆ ಬೇಡ ಅಂತ ಬೆಳಿಗ್ಗೆ ಹೇಳಿದ್ದು ಇದಕ್ಕೇನಾ?”

“ಹೌದು ಸರ್. ನಾಳೆ ಹುಳುಗಳನ್ನು ಹೊಸ ತಟ್ಟೆಗೆ ಸಾಗಿಸಬೇಕು.”

“ಹುಳುಗಳಿಗೆ ನಿನ್ನ ಮೇಲೆ ಅಷ್ಟೆಲ್ಲ ಮೋಹ ಇಲ್ಲ ಮಾರಾಯ್ತಿ. ನಾನು ಸಾಗಿಸಿದರೂ ಹೋಗುತ್ತವೆ.”

ಸುಗಂಧಿ ತಲೆ ತಗ್ಗಿಸಿದಳು. ನಾಳೆ ಅವಳ ಅಕ್ಕ ವಾರಿಜಳ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ. ಹೋಗಬೇಕೆಂದು ಅವಳೇ ಆಸೆಯಿಂದ ರಜೆ ಕೇಳಿದ್ದಳು. ದಿನ ಹತ್ತಿರ ಬಂದ ಹಾಗೆ ಹೊರಡಲು ಮನಸ್ಸು ಬರಲಿಲ್ಲ.

ವಾರಿಜ ಇದ್ದದ್ದು ಹೊಳೆಬದಿಯ ಮನೆಯಲ್ಲಿ. ಆ ಮನೆಗೂ ಸುಗಂಧಿಯ ಕುಟುಂಬಕ್ಕೂ ಆಣೆ ಇತ್ತು. ಮುತ್ತಜ್ಜಿಯ ಕಾಲದಲ್ಲಿ ಊರಿಗೆ ವಾಂತಿಭೇದಿ ಬಂದಿತ್ತಂತೆ. ಮುತ್ತಜ್ಜಿಯ ಇಬ್ಬರು ಮಕ್ಕಳು ಆಡಲು ಹೋದವರು ಹೊಳೆಬದಿಯ ಮನೆಯ ಬಾವಿಯ ನೀರು ಕುಡಿದು ಬಂದರು. ಬಂದವರು ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ. ಆ ತಾಯಿ ಕೂದಲು ಬಿಚ್ಚಿಕೊಂಡು ದೈವದ ಮುಂದೆ ನಿಂತು, ನನ್ನ ಹೊಟ್ಟೆಯ ಸಂತಾನ ಆ ಮನೆಯ ನೀರು ಮುಟ್ಟಬಾರದು ಎಂದು ಆಣೆ ಹಾಕಿದಳು. ಈಗ ಆ ಬಾವಿಯನ್ನು ಮುಚ್ಚಿದ್ದಾರೆ, ಮನೆಗೆ ನಲ್ಲಿ ಬಂದಿದೆ. ಸತ್ತ ಮಕ್ಕಳ ಹೆಸರು ಹೇಳಬಲ್ಲವರು ಯಾರೂ ಉಳಿದಿಲ್ಲ. ಆಣೆ ಮಾತ್ರ ಹಾಗೆಯೇ ಇದೆ. ಅದನ್ನು ಬಿಡಿಸಬೇಕಾದರೆ ಎರಡೂ ಮನೆಯವರು ಒಟ್ಟಿಗೆ ದೈವದ ಮುಂದೆ ನಿಲ್ಲಬೇಕು. ಯಾರು ಮೊದಲು ಮಾತು ಎತ್ತುವುದು ಎಂದು ಇವರೂ ಕುಳಿತಿದ್ದಾರೆ, ಅವರೂ ಕುಳಿತಿದ್ದಾರೆ.

ವಾರಿಜ ಹೋಗಿ ಹೋಗಿ ಆ ಮನೆಯ ಹುಡುಗನನ್ನೇ ಮೆಚ್ಚಿ ಮದುವೆಯಾದಳು. ಅಮ್ಮ ಮದುವೆಗೆ ಹೋಗಲಿಲ್ಲ. ಹೆರಿಗೆಯಾಯಿತೆಂದು ಕೇಳಿ ಅಡುಗೆಮನೆಯಲ್ಲಿ ಕುಳಿತು ಅತ್ತಳು, ಆದರೂ ಹೋಗಲಿಲ್ಲ. ಸುಗಂಧಿ ಮಾತ್ರ ಅಕ್ಕ ಬಸುರಿಯಾಗಿದ್ದಾಗ ಒಮ್ಮೆ ಹೋಗಿದ್ದಳು. ಉರಿಬಿಸಿಲಿನಲ್ಲಿ ನಡೆದು ಬಂದ ತಂಗಿಗೆ ವಾರಿಜ ಬೆಲ್ಲ ನೀರು ತಂದು ಮುಂದಿಟ್ಟಳು. ಸುಗಂಧಿ ಓದಿದವಳು. ಆ ನೀರಿನಲ್ಲಿ ಏನೂ ಇಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಯಾರೂ ಇರಲಿಲ್ಲ. ಆದರೂ ಕೈ ಮುಂದೆ ಹೋಗಲಿಲ್ಲ. “ಬಾಯಾರಿಕೆ ಇಲ್ಲ ಅಕ್ಕ,” ಎಂದಳು. ವಾರಿಜ ತಂಬಿಗೆ ಎತ್ತಿಕೊಂಡು ಹೋಗಿ ಮಲ್ಲಿಗೆಯ ಬುಡಕ್ಕೆ ಹೊಯ್ದು ಬಂದಳು. ಮೊನ್ನೆ ಫೋನಿನಲ್ಲಿ, “ತವರಿನಿಂದ ನೀನೊಬ್ಬಳಾದರೂ ಬಾ. ಈ ಸಲ ಬಂದು ಹಾಗೇ ಹೋಗಬೇಡ, ನನಗೆ ತಡೆಯಲಿಕ್ಕೆ ಆಗುವುದಿಲ್ಲ,” ಎಂದಿದ್ದಳು.

ಇದೆಲ್ಲ ಮೇಷ್ಟ್ರಿಗೆ ಗೊತ್ತಿತ್ತು; ಸುಗಂಧಿಯೇ ಹೇಳಿಕೊಂಡಿದ್ದಳು. ಅವರು ಈಗ ಆ ಸುದ್ದಿ ಎತ್ತಲಿಲ್ಲ. ಲೋಟ ಕೆಳಗಿಟ್ಟು, “ಕೂತುಕೋ. ನಿನ್ನ ಪ್ರಶ್ನೆಗೆ ಒಂದು ಕತೆ ಉಂಟು,” ಎಂದರು. ಸುಗಂಧಿ ಮೆಟ್ಟಿಲ ಮೇಲೆ ಕುಳಿತಳು. ಮೇಷ್ಟ್ರು ಹೇಳತೊಡಗಿದರು.

ಒಂದು ಹಿತ್ತಲಿನಲ್ಲಿ ಒಂದು ಹಲಸಿನ ಹಣ್ಣು ಬಿದ್ದು ಕೊಳೆಯುತ್ತಿತ್ತು. ಅದರೊಳಗೆ ಒಂದು ದುಂಡುಹುಳು ಇತ್ತು. ಇತ್ತು ಅನ್ನುವುದು ಬೇಡ, ಇದ್ದಳು ಅನ್ನೋಣ. ಮಕ್ಕಳು ಮರಿ ಇರುವವಳು. ಅವಳಿಗೆ ಕಣ್ಣಿಲ್ಲ, ಕಿವಿಯಿಲ್ಲ. ವಾಸನೆ ಹಿಡಿದು ನಡೆಯುವುದೇ ಬದುಕು. ಗಂಡನ ಕಾಟವೂ ಇಲ್ಲ. ಮಕ್ಕಳಿಗೆ ತಾಯಿಯೂ ಅವಳೇ, ತಂದೆಯೂ ಅವಳೇ. ನಮ್ಮ ಅಳಿಯಸಂತಾನದವರು ಹೆಣ್ಣಿನ ಕಡೆಯಿಂದ ವಂಶ ಹಿಡಿದರೆ, ಇವಳದ್ದು ಅದಕ್ಕೂ ಒಂದು ಕೈ ಮೇಲು.

ಅವಳ ಊಟ ಬ್ಯಾಕ್ಟೀರಿಯಾ. ಕೊಳೆತ ಹಣ್ಣಿನಲ್ಲಿ ಅದಕ್ಕೇನು ಬರಗಾಲ? ಬಗೆಬಗೆಯದು ಇತ್ತು. ಗಂಟಲಲ್ಲಿರುವ ಬೀಸುಕಲ್ಲಿನಲ್ಲಿ ಅರೆದು ಅರೆದು ನುಂಗುತ್ತ ಸುಖವಾಗಿದ್ದಳು. ಒಂದು ದಿನ ಹೊಸ ವಾಸನೆಯೊಂದು ಬಂತು. ಅಷ್ಟು ಒಳ್ಳೆಯ ವಾಸನೆ ಅವಳಿಗೆ ಅದುವರೆಗೆ ಸಿಕ್ಕಿರಲಿಲ್ಲ. ಹೋದಳು, ಹೊಟ್ಟೆ ತುಂಬ ತಿಂದಳು.

ಆಗ ಬೇಸಗೆ. ಸೆಕೆಯೆಂದರೆ ಸೆಕೆ. ಆ ಬ್ಯಾಕ್ಟೀರಿಯಾ ಸೆಕೆಯಲ್ಲಿ ಸಿಟ್ಟಿಗೇಳುವ ಜಾತಿಯದು. ಬೀಸುಕಲ್ಲಿಗೆ ಸಿಕ್ಕದೆ ನುಸುಳಿದ ಕೆಲವು ಜೀವಂತವಾಗಿ ಹೊಟ್ಟೆಗೆ ಇಳಿದವು. ಅಲ್ಲೇ ಬಿಡಾರ ಹೂಡಿದವು, ಒಂದಕ್ಕೆ ಹತ್ತಾದವು. ತಿನ್ನಲು ಹೋದವಳನ್ನು ಒಳಗಿನಿಂದ ತಿನ್ನತೊಡಗಿದವು.

ಹೊಟ್ಟೆಯಲ್ಲಿ ಕಾವಲಿನವರು ಇರಲಿಲ್ಲವೇ ಎಂದು ನೀನು ಕೇಳಬೇಕು. ಇದ್ದರು. ಆದರೆ ಅವರಿಗೂ ಕಣ್ಣಿಲ್ಲವಲ್ಲ. ಬಂದವನು ನೆಂಟನೋ ಕಳ್ಳನೋ ಎಂದು ಮುಖ ನೋಡಿ ಹೇಳಲು ಅವರಿಂದ ಆಗದು. ಮನೆಯ ಕೆಲಸ ನಡೆಯುತ್ತಾ ಇದೆಯೇ, ನಿಂತಿದೆಯೇ ಎಂಬುದಷ್ಟೇ ಅವರಿಗೆ ತಿಳಿಯುವುದು. ಒಲೆ ಉರಿಯುತ್ತಿದ್ದರೆ ಸುಮ್ಮನಿರುತ್ತಾರೆ. ಒಲೆ ಆರಿ ಬೂದಿ ತಣ್ಣಗಾಯಿತೋ, ಎದ್ದು ನಿಲ್ಲುತ್ತಾರೆ. ಒಳಗೆ ಹೊಕ್ಕ ವೈರಿ ಇದನ್ನೆಲ್ಲ ಬಲ್ಲ ಕಿಲಾಡಿ. ಮನೆಯೊಡತಿಯ ದನಿಯಲ್ಲೇ, “ಎಲ್ಲ ಸುಖವಾಗಿ ಉಂಟು, ನೀವು ಮಲಗಿಕೊಳ್ಳಿ,” ಎಂದ. ಅರ್ಧ ಜನ ಮಲಗಿಯೇ ಬಿಟ್ಟರು. ಉಳಿದವರಿಗೆ ಒಲೆ ಆರಿದ್ದು ತಿಳಿಯಿತು. ಎದ್ದರು, ಕೈಗೆ ಸಿಕ್ಕಿದ್ದನ್ನು ಹಿಡಿದು ಬಡಿದಾಡಿದರು.

ಬಡಿದಾಡುವವರಿಗೂ ಅನ್ನ ಬೇಕಲ್ಲ. ಮನೆಯಲ್ಲಿದ್ದದ್ದೆಲ್ಲ ಅವರಿಗೇ ಹೋಯಿತು. ಮೊಟ್ಟೆ ಕಟ್ಟುವುದು ನಿಂತಿತು. ಮೈ ಸೊರಗಿತು. ಆದರೂ ಪುಣ್ಯವಂತೆ, ಬದುಕಿದಳು. ಆ ಜಾಗ ಬಿಟ್ಟು ತೆವಳುತ್ತ ತೆವಳುತ್ತ ಹಣ್ಣಿನ ಇನ್ನೊಂದು ಬದಿಗೆ ಬಂದು ಬಿದ್ದಳು.

ಅಲ್ಲಿ ಬಿದ್ದುಕೊಂಡು ಅವಳಿಗೆ ಒಂದೇ ಚಿಂತೆ. ನಾನೇನೋ ಬದುಕಿದೆ, ನನ್ನ ಮಕ್ಕಳ ಗತಿಯೇನು? ಆ ವಾಸನೆ ಅವಕ್ಕೂ ಚಂದವೇ ಕಾಣುತ್ತದೆ. ಹೇಳೋಣವೆಂದರೆ ತನಗೆ ನಾಲಿಗೆಯಿಲ್ಲ. ಕೇಳಲು ಅವಕ್ಕೆ ಕಿವಿಯಿಲ್ಲ. ಅವು ಮೊಟ್ಟೆಯಿಂದ ಹೊರಗೆ ಬರುವ ಹೊತ್ತಿಗೆ ತಾನು ಇರುತ್ತೇನೋ ಇಲ್ಲವೋ. ಯೋಚಿಸಿ ಯೋಚಿಸಿ, ಹೇಳಬೇಕಾದ ಮಾತನ್ನು ಒಂದು ಸಣ್ಣ ಗಂಟು ಕಟ್ಟಿ, ಚೇತರಿಸಿ ಮತ್ತೆ ಕಟ್ಟಿದ ಮೊಟ್ಟೆಯೊಳಗೆ ಇಟ್ಟಳು. ಈ ವಾಸನೆ ಬಂದರೆ ತಿರುಗಿ ನಡೆ. ಅಷ್ಟೇ ಮಾತು. ಯಾಕೆ, ಏನಾಗಿತ್ತು, ಎಂಥ ಸೆಕೆಯಲ್ಲಿ ಆಗಿತ್ತು ಎಂಬುದಕ್ಕೆಲ್ಲ ಅಷ್ಟು ಸಣ್ಣ ಗಂಟಿನಲ್ಲಿ ಜಾಗ ಎಲ್ಲಿ?

ಮೇಷ್ಟ್ರು ಇಲ್ಲಿ ನಿಲ್ಲಿಸಿದರು. ಸುಗಂಧಿಗೆ ತನ್ನ ಮುತ್ತಜ್ಜಿಯ ನೆನಪು ಬಂತು. ಮುತ್ತಜ್ಜಿಯನ್ನು ಅವಳು ಕಂಡವಳಲ್ಲ. ಆಣೆಯ ಸುದ್ದಿ ಬಂದಾಗಲೆಲ್ಲ ಆಕೆಯನ್ನು ಹಟಮಾರಿ ಹೆಂಗಸೆಂದೇ ಎಣಿಸಿ, ಒಳಗೊಳಗೇ ಬೈದುಕೊಂಡಿದ್ದಳು. ಇಬ್ಬರು ಮಕ್ಕಳನ್ನು ಒಟ್ಟಿಗೆ ಕಳೆದುಕೊಂಡ ತಾಯಿ ಎಂದು ಆಕೆಯನ್ನು ನೆನೆದದ್ದು ಇದೇ ಮೊದಲು.

“ಪಾಪ,” ಎಂದಳು.

“ಪಾಪವೇ,” ಎಂದರು ಮೇಷ್ಟ್ರು. “ಅವಳದ್ದು ಒಂದು ಚೂರೂ ತಪ್ಪಿಲ್ಲ. ಆ ಗಂಟು ಇಲ್ಲದೆ ಹೋಗಿದ್ದರೆ, ನನಗೆ ಮುಂದೆ ಕತೆ ಹೇಳಲು ಹುಳುವೇ ಇರುತ್ತಿರಲಿಲ್ಲ.”

ಮತ್ತೆ ಹೇಳತೊಡಗಿದರು.

ಅವಳ ಮಕ್ಕಳು ಹುಟ್ಟಿದವು. ಆ ವಾಸನೆ ಬಂದಲ್ಲೆಲ್ಲ ತಿರುಗಿ ನಡೆದವು. ನೆರೆಮನೆಯ ಹುಳುಗಳು ಗುಂಪುಗುಂಪಾಗಿ ಹೋಗಿ ತಿಂದು ಸತ್ತವು, ಇವು ಉಳಿದವು. ಈ ಮಕ್ಕಳೂ ತಾವು ಇಟ್ಟ ಮೊಟ್ಟೆಗಳಲ್ಲಿ ಅದೇ ಗಂಟನ್ನು ಇಟ್ಟವು. ಮೊಮ್ಮಕ್ಕಳೂ ಇಟ್ಟವು. ಏನಿದು ಎಂದು ಬಿಚ್ಚಿ ನೋಡಿದವರಿಲ್ಲ. ಹಿರಿಯರು ಕೊಟ್ಟದ್ದು, ನಾವೂ ಕೊಡೋಣ ಎಂದು ಕೊಟ್ಟವು.

ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಹಣ್ಣು ತಣ್ಣಗಾಯಿತು. ನೀರು ಹರಿದು, ಒಗ್ಗುವ ಬ್ಯಾಕ್ಟೀರಿಯಾವೆಲ್ಲ ತೊಳೆದುಹೋಯಿತು. ಉಳಿದದ್ದು ಆ ಒಂದೇ, ಹಳೆಯ ವೈರಿ. ಆದರೆ ತಂಪಿನಲ್ಲಿ ಅದರ ಸಿಟ್ಟೆಲ್ಲ ಇಳಿದಿತ್ತು. ಈಗ ಅದು ಬರೀ ಅನ್ನ. ತಿಂದರೆ ಹೊಟ್ಟೆ ತುಂಬೀತೇ ಹೊರತು ಬೇರೇನೂ ಆಗುವಂತಿರಲಿಲ್ಲ. ಇದು ಇವರಿಗೆ ಹೇಗೆ ಗೊತ್ತಾಗಬೇಕು? ವಾಸನೆ ಮಾತ್ರ ಅದೇ ಹಳೆಯದು. ಸುತ್ತ ಊಟ ಹರಡಿಕೊಂಡಿದೆ, ನಡುವೆ ಕುಟುಂಬಕ್ಕೆ ಕುಟುಂಬವೇ ಉಪವಾಸ ಬಿದ್ದಿದೆ. ಮರಿಗಳು ಬೆಳೆಯುವುದು ನಿಂತಿತು.

ಅವರಲ್ಲಿ ಒಬ್ಬಳು ಕಿರಿಯವಳಿದ್ದಳು. ಅವಳು, “ನಾವು ಅತ್ತ ಯಾಕೆ ಹೋಗುವುದಿಲ್ಲ?” ಎಂದು ಕೇಳಿದಳು.

“ಹೋಗಬಾರದು, ಅದಕ್ಕೆ,” ಎಂದರು ಹಿರಿಯರು.

“ಹೋದರೆ ಏನಾಗುತ್ತದೆ?”

“ಏನಾಗುತ್ತದೆಂದು ನೋಡಿದವರು ಯಾರಿದ್ದಾರೆ? ನೀನು ಸುಮ್ಮನೆ ಬಿದ್ದುಕೋ.”

ನಾಲಿಗೆಯಿಲ್ಲದವರು ಹೀಗೆಲ್ಲ ಮಾತಾಡುತ್ತಾರೆಯೇ ಎಂದು ಕೇಳಬೇಡ. ಕತೆಯಲ್ಲಿ ಮಾತಾಡುತ್ತಾರೆ. ಕಿರಿಯವಳು ಬಿದ್ದುಕೊಳ್ಳಲಿಲ್ಲ. ಹಾಗೆಂದು ಅವಳಿಗೆ ಅಜ್ಜಿಯ ಮೇಲೆ ಅಸಡ್ಡೆ ಇತ್ತೆಂದು ತಿಳಿಯಬೇಡ. ಗಂಟು ಕಟ್ಟಿದ ದಾರವೂ ದಾರವೇ ಅಲ್ಲವೇ? ಕೈಯಿಂದ ಕೈಗೆ ದಾಟುತ್ತ ದಾಟುತ್ತ ಸವೆದಿತ್ತು. ಅವಳ ಪಾಲಿಗೆ ಬರುವಾಗ ಸಡಿಲಾಗಿತ್ತು. ಅವಳು ಹೊರಟಳು. ಅಂಚಿನ ತನಕ ಹೋಗಿ ನಿಂತಳು. ತಿರುಗಿ ಬಂದಳು, ಮತ್ತೆ ಹೋದಳು. “ಹೋದರೆ ನೀನು ನಮ್ಮವಳಲ್ಲ,” ಎಂದು ಹಿಂದಿನಿಂದ ಕೂಗಿದರು. ಅವಳಿಗೆ ಅಳು ಬಂತು. ಆದರೂ ಬಾಯಿ ಹಾಕಿದಳು.

ಒಂದು ತುತ್ತು ತಿಂದು ಕಾದಳು. ಹೊಟ್ಟೆಯ ಕಾವಲಿನವರು ತಟ್ಟನೆ ಎದ್ದು ಕುಳಿತರು. ದಾರ ಸವೆಯಬಹುದು, ಅವರೇನೂ ಸವೆಯುವುದಿಲ್ಲ. ಪ್ರತಿಯೊಬ್ಬಳ ಹೊಟ್ಟೆಯಲ್ಲೂ ಹೊಸದಾಗಿಯೇ ಹುಟ್ಟುತ್ತಾರೆ. ಅವರು ಒಲೆಯ ಬಳಿ ಹೋಗಿ ಕೈ ಇಟ್ಟು ನೋಡಿದರು. ಬಿಸಿ ಇತ್ತು. ಇನ್ನೊಂದು ತುತ್ತು ಬಂತು, ಮತ್ತೆ ನೋಡಿದರು. ಒಲೆ ಮೊದಲಿಗಿಂತ ಚೆನ್ನಾಗಿ ಉರಿಯುತ್ತಿತ್ತು. ಅವರು ಹೋಗಿ ಮಲಗಿಕೊಂಡರು. ಕಿರಿಯವಳು ತಿಂದಳು. ಹಸಿದವರು ಹೇಗೆ ತಿನ್ನುತ್ತಾರೋ ಹಾಗೆ ತಿಂದಳು. ಅಲ್ಲಿಯೇ ಮೊಟ್ಟೆಯನ್ನೂ ಇಟ್ಟಳು.

“ಉಳಿದವರು?” ಎಂದು ಕೇಳಿದಳು ಸುಗಂಧಿ.

“ಕೆಲವರು ಹಿಂದೆಯೇ ಬಂದರು. ಕೆಲವರು ಬರಲಿಲ್ಲ. ಬರದವರು ಅಲ್ಲಿಯೇ ಒಣಗಿ ಹೋದರು. ಅವರ ಗಂಟು ಕೊನೆಯವರೆಗೂ ಭದ್ರವಾಗಿಯೇ ಇತ್ತು.”

ಸುಗಂಧಿ ಸುಮ್ಮನೆ ಒಪ್ಪಿಕೊಳ್ಳುವ ಹುಡುಗಿಯಲ್ಲ. “ಆದರೆ ಸರ್, ಮತ್ತೆ ಬೇಸಗೆ ಬರುತ್ತದಲ್ಲ? ಆಗ ಅವಳ ಮಕ್ಕಳಿಗೆ ಗಂಟು ಇರುವುದಿಲ್ಲ. ತಿಂದು ಸಾಯುತ್ತವೆ.”

“ಸಾಯುತ್ತವೆ ಕೆಲವು,” ಎಂದರು ಮೇಷ್ಟ್ರು. “ಸುಳ್ಳು ಹೇಳುವುದಿಲ್ಲ ನಾನು. ಬದುಕಿದವಳು ಮತ್ತೆ ಗಂಟು ಕಟ್ಟುತ್ತಾಳೆ. ಅದು ಆ ಬೇಸಗೆಯ ಗಂಟು. ಇದು ಮಳೆಗಾಲ.”

ಸುಗಂಧಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ತಾನು ಹೋಗಿ ನೀರು ಮುಟ್ಟಿದೆನೆಂದರೆ ಮನೆಯಲ್ಲಿ ಏನಾದೀತೆಂದು ಅವಳಿಗೆ ಗೊತ್ತಿತ್ತು. ಚಿಕ್ಕಮ್ಮಂದಿರು ಮಾತು ಬಿಡುತ್ತಾರೆ. ಅಮ್ಮ ಬಾಯಿಬಿಟ್ಟು ಏನೂ ಹೇಳಲಾರಳು. ಒಂದು ವೇಳೆ ಯಾರಿಗಾದರೂ ಜ್ವರ ಬಂದರೆ, ಹಸು ಸತ್ತರೆ, ಅದೆಲ್ಲ ತನ್ನ ತಲೆಗೇ ಬರುತ್ತದೆ. ತಗ್ಗಿದ ದನಿಯಲ್ಲಿ ಕೇಳಿದಳು.

“ಆ ಕಿರಿಯವಳ ತಾಯಿ ಏನು ಹೇಳಿದಳು ಸರ್?”

ಅವಳು ಕೇಳಿದ್ದು ಯಾವ ತಾಯಿಯ ಮಾತೆಂದು ಮೇಷ್ಟ್ರಿಗೆ ತಿಳಿಯಿತು. ದನಿಯಲ್ಲಿದ್ದ ತಮಾಷೆಯೆಲ್ಲ ಹೋಯಿತು.

“ತಾಯಿಗೂ ಹಸಿವು ಇತ್ತು ಮಗಾ. ಯಾರಾದರೂ ಒಬ್ಬರು ಮೊದಲು ಹೋಗಲಿ ಎಂದು ಅವಳೂ ಕಾಯುತ್ತಿದ್ದಳೋ ಏನೋ.”

ಸುಗಂಧಿಯ ಕಣ್ಣು ತುಂಬಿತು. ಅಡುಗೆಮನೆಯಲ್ಲಿ ಬೆನ್ನು ಹಾಕಿ ಕುಳಿತು ಅಳುತ್ತಿದ್ದ ಅಮ್ಮ ನೆನಪಾದಳು. ಮಗು ಯಾರ ಹಾಗಿದೆಯಂತೆ ಎಂದು ಒಮ್ಮೆ ಮೆಲ್ಲನೆ ಕೇಳಿ, ಉತ್ತರ ಬರುವ ಮೊದಲೇ ಹೊರಗೆ ಹೋಗಿಬಿಟ್ಟಿದ್ದಳು. ಆದರೂ ಸುಗಂಧಿಗೆ ಭಯ ಹೋಗಲಿಲ್ಲ. ಆ ತಂಬಿಗೆ ಮತ್ತೆ ಮುಂದೆ ಬಂದರೆ ಕೈ ಏಳುತ್ತದೆಂಬ ನಂಬಿಕೆ ಅವಳಿಗೆ ಇರಲಿಲ್ಲ.

“ಅಷ್ಟು ಸಣ್ಣ ಹುಳುವಿಗೆ ಅಂಥ ಧೈರ್ಯ ಎಲ್ಲಿಂದ ಬಂತು ಸರ್?”

ಮೇಷ್ಟ್ರು ಎದ್ದು ನಿಂತರು.

“ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಹುಳುವನ್ನು ಅಲ್ಲಿಗೆ ಎಳೆದದ್ದು ಬರೀ ಹಸಿವು. ನಿನಗೆ ಅಲ್ಲಿ ಅಕ್ಕ ಇದ್ದಾಳಲ್ಲ ಮಾರಾಯ್ತಿ.”

“ಹಾಗಾದರೆ ನಾಳೆ ಹುಳುಗಳನ್ನು ನೀವೇ ಸಾಗಿಸಿ ಸರ್,” ಎಂದಳು ಸುಗಂಧಿ.